ಮಳೆಗಾಲದಲ್ಲಿ ಒಣಗದ ಅಣಬೆ: ಪುಣೆಯ ಒಂದು ಮನೆ ಉದ್ಯಮದ ಪ್ರಕರಣ ಅಧ್ಯಯನ

ಈ ಬರಹದಲ್ಲಿ ಬರುವ ತಾಯಿ, ಮಗ ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬದಲಿಸಿದ್ದೇನೆ. ಅವರ ಬಡಾವಣೆ ಯಾವುದು, ಏನಂತ ಮಾರುತ್ತಾರೆ ಅನ್ನುವುದನ್ನು ಹೇಳುತ್ತಿಲ್ಲ. ತೂಕ, ಶಾಖ, ಗಂಟೆ ಮಾತ್ರ ಅವರ ನೋಟ್‌ಬುಕ್ಕಿನಲ್ಲಿ ಇದ್ದ ಹಾಗೆಯೇ ಇವೆ.

ನಾನು ಪುಣೆಯಲ್ಲಿ ಸಣ್ಣ ಘಟಕಗಳಿಗೆ ಒಣಗಿಸುವ ಕೆಲಸದಲ್ಲಿ ಸಹಾಯ ಮಾಡುತ್ತೇನೆ. ಈರುಳ್ಳಿ, ಶುಂಠಿ, ಮೆಂತ್ಯ ಸೊಪ್ಪು, ನುಗ್ಗೆ ಸೊಪ್ಪು, ಇಂಥವು. ಅಣಬೆ ಒಣಗಿಸಿದ್ದು ನನಗೆ ಗೊತ್ತಿತ್ತು. ಆದರೆ ಔಷಧಿ ಗುಣಕ್ಕಾಗಿ ಬೆಳೆಯುವ ಅಣಬೆಯ ಕಷ್ಟವನ್ನು ಇಷ್ಟು ಹತ್ತಿರದಿಂದ ನೋಡಿದ್ದು ಈ ಮನೆಯಲ್ಲೇ.

ಹಿನ್ನೆಲೆ

ಗಿರಿಜಕ್ಕನವರದು ವಿಜಯಪುರದ ಕಡೆ ಊರು. ಮದುವೆಯಾಗಿ ಪುಣೆಗೆ ಬಂದು 26 ವರ್ಷವಾಯಿತು. ಮಗ ಪ್ರವೀಣ ಬಯೋಟೆಕ್ನಾಲಜಿ ಓದಿದ್ದಾನೆ. ಪುಣೆಯ ಕೃಷಿ ಕಾಲೇಜಿನಲ್ಲಿ ಅಣಬೆ ತರಬೇತಿ ಮುಗಿಸಿಕೊಂಡು, ನಗರದ ಪಶ್ಚಿಮ ಭಾಗದಲ್ಲಿ ನೆಲಮಹಡಿಯ ಒಂದು ಮನೆ ಬಾಡಿಗೆಗೆ ಹಿಡಿದ. ಮೊದಲು ಚಿಪ್ಪು ಅಣಬೆ ಬೆಳೆದರು. ಅದಕ್ಕೆ ಬೆಲೆ ಕಮ್ಮಿ, ಎರಡೇ ದಿನದಲ್ಲಿ ಬಾಡುತ್ತದೆ. ಆಮೇಲೆ ಎಸಿ ಕೋಣೆ ಮಾಡಿ ಲಯನ್ಸ್ ಮೇನ್, ರೇಶಿ, ಕಾರ್ಡಿಸೆಪ್ಸ್ ಮಿಲಿಟಾರಿಸ್ ಅನ್ನುವ ಮೂರು ಔಷಧಿ ಅಣಬೆಗಳನ್ನು ಶುರು ಮಾಡಿದರು.

ಈ ಮೂರನ್ನು ಹಸಿಯಾಗಿ ಕೊಳ್ಳುವವರು ಕಡಿಮೆ. ಒಣ ಚೂರು, ಪುಡಿ ಕೇಳುವವರೇ ಜಾಸ್ತಿ. ಹಾಗಾಗಿ ಬೆಳೆಯುವಷ್ಟೇ ಒಣಗಿಸುವುದೂ ದೊಡ್ಡ ಕೆಲಸ. ಹತ್ತು ಟ್ರೇ ಹಿಡಿಸುವ ಕರೆಂಟಿನ ಡ್ರೈಯರ್ ಒಂದನ್ನು ಕೊಂಡರು. ಕೆಲಸ ಹಂಚಿಕೊಂಡರು: ಬೆಳೆಯುವುದು ಮಗ, ಒಣಗಿಸುವುದು ತಾಯಿ. ಗಿರಿಜಕ್ಕನಿಗೆ ಒಣಗಿಸುವುದು ಹೊಸದಲ್ಲ. ಪ್ರತಿ ಬೇಸಿಗೆಗೆ ಸಂಡಿಗೆ, ಹಪ್ಪಳ, ಉಪ್ಪು ಮೆಣಸಿನಕಾಯಿ ಮಾಡಿ ನೆಂಟರಿಗೆಲ್ಲ ಹಂಚುವ ಕೈ ಅದು.

ಡ್ರೈಯರನ್ನು 40 ಡಿಗ್ರಿ ಸೆಲ್ಸಿಯಸ್‌ಗೆ ಮೇಲೆ ಇಡಬಾರದು ಅಂತ ಅವರು ನಿಯಮ ಮಾಡಿಕೊಂಡಿದ್ದರು. ಅಲ್ಲಿ ಇಲ್ಲಿ ನೋಡಿದ ವಿಡಿಯೊಗಳಲ್ಲಿ ಎಲ್ಲರೂ ಅದನ್ನೇ ಹೇಳಿದ್ದರು. ಶಾಖ ಜಾಸ್ತಿಯಾದರೆ ಔಷಧಿ ಗುಣ ಸುಟ್ಟುಹೋಗುತ್ತದೆ ಅಂತ. ನವೆಂಬರಿನಿಂದ ಏಪ್ರಿಲ್‌ವರೆಗೆ ಈ ನಿಯಮ ಚೆನ್ನಾಗಿಯೇ ನಡೆಯಿತು. ಆ ತಿಂಗಳುಗಳಲ್ಲಿ ಪುಣೆಯ ಗಾಳಿ ಒಣ. ಮಾರ್ಚ್ ಮಧ್ಯಾಹ್ನ ತುಟಿ ಒಡೆಯುವಷ್ಟು ಒಣ. ಅಂಥ ಗಾಳಿಗೆ 40 ಡಿಗ್ರಿ ಏನು, ಬರೀ ಫ್ಯಾನ್ ಸಾಕು. ನಿಯಮ ಸರಿ ಅಂತ ಅವರಿಗೆ ಅನ್ನಿಸಿದ್ದು ಸಹಜವೇ. ಆದರೆ ಅಣಬೆಯನ್ನು ಒಣಗಿಸುತ್ತಿದ್ದದ್ದು ಆ ಶಾಖವಲ್ಲ, ಆ ತಿಂಗಳುಗಳ ಒಣ ಗಾಳಿ.

ಸಮಸ್ಯೆ

ಜುಲೈ ಮೂರನೇ ವಾರ ಪ್ರವೀಣ ಫೋನ್ ಮಾಡಿದ. ಬಾನೇರ್ ಕಡೆಯ ಗಿರಾಕಿಯೊಬ್ಬರು ಲಯನ್ಸ್ ಮೇನ್ ಜಾಡಿ ವಾಪಸ್ ಕಳಿಸಿದ್ದರು. ಅದೇ ವಾರ ಇನ್ನೂ ಇಬ್ಬರು ವಾಸನೆ ಬಂದಿದೆ ಅಂತ ದೂರಿದ್ದರು. ಒಟ್ಟು 14 ಕೆಜಿ ಹಸಿ ಅಣಬೆಯ ಮಾಲು ಕೈಬಿಡಬೇಕಾಯಿತು. ಹಣ ಹಿಂದಿರುಗಿಸಿದ್ದರು. ಮನೆ ನಡೆಯುವುದೇ ಇದರ ಮೇಲೆ. ಅವನ ದನಿ ಕುಗ್ಗಿತ್ತು.

ನಾನು ಹೋದಾಗ ಮಳೆ ಜಡಿಯುತ್ತಿತ್ತು. ಗಿರಿಜಕ್ಕ ಆ ಜಾಡಿಯನ್ನು ಮೇಜಿನ ಮೇಲೆ ಇಟ್ಟು ಮುಚ್ಚಳ ತೆಗೆದರು. ಹುಳಿ ಬಂದ ದೋಸೆ ಹಿಟ್ಟಿನ ವಾಸನೆ. ಚೂರುಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಒಂದನ್ನು ತೆಗೆದು ಬಾಗಿಸಿದೆ. ಒಣ ಖರ್ಜೂರದ ಹಾಗೆ ಬಾಗಿತು, ಮುರಿಯಲಿಲ್ಲ.

ಪಕ್ಕದಲ್ಲೇ ಒಂದು ಇಡೀ ರೇಶಿ ಇತ್ತು. ಮೇಲೆ ಕೆಂಪು ಮೆರುಗು, ನೋಡಲು ಬಹಳ ಚೆಂದ. ಗರಗಸ ತಂದು ಅಡ್ಡ ಕೊಯ್ಯಲು ಹೇಳಿದೆ. ಕಾಂಡ ಟೋಪಿಗೆ ಸೇರುವ ದಪ್ಪ ಜಾಗದಲ್ಲಿ ಹಸಿರು ಬೂಷ್ಟು ಕೂತಿತ್ತು. ಹೊರಗಿನಿಂದ ಕಲ್ಲಿನಷ್ಟು ಗಟ್ಟಿ, ಒಳಗೆ ಕೊಳೆ. ಗಿರಿಜಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ರೇಶಿಯನ್ನು ಬೆಳೆಸಲು ಮೂರು ತಿಂಗಳ ಮೇಲೆ ಹಿಡಿದಿತ್ತು.

ಕಾರ್ಡಿಸೆಪ್ಸ್ ಕೊಳೆತಿರಲಿಲ್ಲ. ಅದು ತೆಳ್ಳಗೆ, ಬೆಂಕಿಕಡ್ಡಿಯ ಗಾತ್ರ. ಬೇಗ ಒಣಗುತ್ತದೆ. ಆದರೆ ಕಿತ್ತಳೆ ಬಣ್ಣ ಹೋಗಿ ಒಣಹುಲ್ಲಿನ ಬಣ್ಣ ಬಂದಿತ್ತು.

"ಸರ್, ನಲವತ್ತರ ಮ್ಯಾಲ ಒಂದ್ ದಿನಾನೂ ಹಾಕಿಲ್ಲ. ಸತ್ವ ಹೋಗ್ತದಂತ ಮುಟ್ಟೇ ಇಲ್ಲ. ಆದ್ರೂ ಹಿಂಗ್ಯಾಕಾತು?" ಅಂದರು ಗಿರಿಜಕ್ಕ.

ಡ್ರೈಯರ್ ಇದ್ದ ಕೋಣೆಗೆ ಹೋದೆ. ಹತ್ತಕ್ಕೆ ಹನ್ನೆರಡು ಅಡಿ. ಮಳೆ ನೀರು ಒಳಗೆ ಬರಬಾರದು ಅಂತ ಕಿಟಕಿ ಭದ್ರ ಹಾಕಿದ್ದರು. ಗಾಜಿನ ಒಳಗಡೆ ನೀರು ಇಳಿಯುತ್ತಿತ್ತು. ಗೋಡೆಯ ಮೇಲಿನ ಕ್ಯಾಲೆಂಡರಿನ ತುದಿ ಸುರುಳಿ ಸುತ್ತಿಕೊಂಡಿತ್ತು. ಟ್ರೇಗಳು ಭರ್ತಿ, 10 ಕೆಜಿ ಮಾಲು, 30 ಗಂಟೆಯಿಂದ ಓಡುತ್ತಿದೆ ಅಂದರು.

ಅಲ್ಲೇ ಕೂತು ಒಂದು ಲೆಕ್ಕ ಮಾಡಿದೆವು. ಹಸಿ ಅಣಬೆಯಲ್ಲಿ ಹತ್ತಿರ ಹತ್ತಿರ ಶೇ. 90 ನೀರು. 10 ಕೆಜಿ ಒಣಗಿದರೆ 9 ಲೀಟರ್ ನೀರು ಹೊರಗೆ ಬರಬೇಕು. ಸುಮಾರು ಒಂದು ಕೊಡ. ಅದು ಎಲ್ಲಿಗೆ ಹೋಗುತ್ತದೆ? ಅದೇ ಕೋಣೆಯ ಗಾಳಿಗೆ. ಆ ಅಳತೆಯ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿ ಹಿಡಿಸುತ್ತದೆ. 27 ಡಿಗ್ರಿಯಲ್ಲಿ ಅಷ್ಟು ಗಾಳಿ ಪೂರ್ತಿ ತುಂಬಿಕೊಂಡರೂ ಹಿಡಿಯುವ ನೀರು 900 ಗ್ರಾಮಿಗಿಂತ ಕಡಿಮೆ. ಮಳೆಗಾಲದಲ್ಲಿ ಅದರ ಬಹುಪಾಲು ಮೊದಲೇ ತುಂಬಿರುತ್ತದೆ. ಅಂದರೆ ಡ್ರೈಯರ್ ಅಣಬೆಯಿಂದ ನೀರು ತೆಗೆದು ಕೋಣೆಗೆ ಕೊಡುತ್ತಿತ್ತು. ಅದೇ ಒದ್ದೆ ಗಾಳಿಯನ್ನು ಮತ್ತೆ ಎಳೆದುಕೊಂಡು ಅಣಬೆಯ ಮೇಲೆ ಬಿಡುತ್ತಿತ್ತು. 30 ಗಂಟೆಯೂ ಇದೇ.

ಬೆಚ್ಚಗೆ, ಒದ್ದೆಯಾಗಿ, ಅಷ್ಟು ಹೊತ್ತು. ದೋಸೆ ಹಿಟ್ಟು ಉಬ್ಬಲು ನಾವು ಕೊಡುವುದು ಇದನ್ನೇ ಅಲ್ವಾ? ಅಣಬೆಯ ಒಳಗಿನ ಕಿಣ್ವಗಳಿಗೂ ಈ ಶಾಖ ಹಿತ. ಕೊಯ್ದ ಸೇಬು, ಬದನೆಕಾಯಿ ಕಪ್ಪಾಗುವ ಹಾಗೆ ಲಯನ್ಸ್ ಮೇನ್ ಕಂದಾಗುವುದು ಆ ಕಿಣ್ವಗಳಿಂದ. ಬ್ಯಾಕ್ಟೀರಿಯಾ, ಯೀಸ್ಟ್, ಬೂಷ್ಟು ಎಲ್ಲಕ್ಕೂ ಹಬ್ಬ. ಸತ್ವ ಉಳಿಯಲಿ ಅಂತ ಮಾಡಿದ ನಿಯಮವೇ ಮಾಲನ್ನು ಕೊಳೆಸಿತ್ತು.

ಯಾವ ಸತ್ವ?

ಇಲ್ಲಿ ಸ್ವಲ್ಪ ನಿಲ್ಲಬೇಕು. "ಸತ್ವ ಹೋಗ್ತದ" ಅನ್ನುವ ಮಾತು ಕೇಳಿದಾಗ ನಾನು ಪ್ರವೀಣನಿಗೆ ಒಂದೇ ಪ್ರಶ್ನೆ ಕೇಳಿದೆ. ಯಾವ ಸತ್ವ? ಅವನು ಓದಿದ ಹುಡುಗ, ಪಟ್ಟಿ ಮಾಡಿದ. ಆ ಪಟ್ಟಿ ಹಿಡಿದು ಒಂದೊಂದನ್ನೇ ನೋಡಿದೆವು. ಈ ಪ್ರಕರಣ ತಿರುಗಿದ್ದು ಆ ಸಂಜೆಯೇ ಅಂತ ನನ್ನ ಅಭಿಪ್ರಾಯ.

ಮೊದಲನೆಯದು ಬೀಟಾ ಗ್ಲೂಕನ್. ಔಷಧಿ ಅಣಬೆ ಅಂದಾಗ ಎಲ್ಲರೂ ಹೇಳುವ ಹೆಸರು. ಇದು ಅಣಬೆಯ ಕೋಶದ ಗೋಡೆಯಲ್ಲೇ ಇರುವ ಉದ್ದನೆಯ ಸಕ್ಕರೆ ಸರಪಳಿ. ಇದನ್ನು ಹೊರಗೆ ತೆಗೆಯುವ ಹಳೆಯ ವಿಧಾನವೇ ಕುದಿಯುವ ನೀರಿನಲ್ಲಿ ಗಂಟೆಗಟ್ಟಲೆ ಬೇಯಿಸುವುದು. 100 ಡಿಗ್ರಿಯಲ್ಲಿ ಕುದಿಸಿ ತೆಗೆಯುವ ವಸ್ತು 50 ಡಿಗ್ರಿ ಗಾಳಿಗೆ ಹೆದರುವುದಿಲ್ಲ.

ಎರಡನೆಯದು ರೇಶಿಯ ಟ್ರೈಟರ್ಪೀನ್. ಬಾಯಿಗೆ ಹಾಕಿದರೆ ಬೇವಿನ ಹಾಗೆ ಕಹಿ ಬರುವುದು ಇದರಿಂದ. ಒಣಗಿಸುವ ಶಾಖ ಇದಕ್ಕೂ ದೊಡ್ಡ ಶತ್ರುವಲ್ಲ. ನೀರಿನಲ್ಲಿ ಇದು ಸರಿಯಾಗಿ ಕರಗುವುದಿಲ್ಲ, ಆಲ್ಕೋಹಾಲಿನಲ್ಲಿ ಕರಗುತ್ತದೆ. ಅದು ಒಣಗಿಸಿದ ಮೇಲಿನ ಮಾತು.

ಮೂರನೆಯದು ಕಾರ್ಡಿಸೆಪಿನ್. ಇದನ್ನು ಮೊದಲು ಗುರುತಿಸಿದ್ದು 1950ರಲ್ಲಿ, ಇದೇ ಕಾರ್ಡಿಸೆಪ್ಸ್ ಮಿಲಿಟಾರಿಸ್‌ನಿಂದ. ಸಾಧಾರಣ ಒಣಗಿಸುವ ಶಾಖಕ್ಕೆ ಇದೂ ಅಳುಕುವಂಥದ್ದಲ್ಲ. ಆದರೆ ಆ ಅಣಬೆಯ ಕಿತ್ತಳೆ ಬಣ್ಣ ಬೇರೆ ವಸ್ತು, ಕ್ಯಾರೊಟಿನಾಯ್ಡ್. ಅದಕ್ಕೆ ಬೆಳಕು, ಗಾಳಿ ಎರಡೂ ಆಗುವುದಿಲ್ಲ. ಇವರ ಜಾಡಿಗಳು ಗಾಜಿನವು, ಕಿಟಕಿ ಪಕ್ಕದ ಶೆಲ್ಫಿನಲ್ಲಿ ಚೆಂದ ಕಾಣಲಿ ಅಂತ ಸಾಲಾಗಿ ಇಟ್ಟಿದ್ದರು. ಬಣ್ಣ ಕಳೆದದ್ದು ಡ್ರೈಯರಿನಲ್ಲಲ್ಲ, ಆ ಶೆಲ್ಫಿನಲ್ಲಿ.

ಎರ್ಗೊಥಯೊನಿನ್ ಅಂತ ಇನ್ನೊಂದಿದೆ. 1909ರಲ್ಲಿ ಫ್ರಾನ್ಸಿನ ಚಾರ್ಲ್ಸ್ ಟಾನ್ರೆ ಎರ್ಗಟ್ ಶಿಲೀಂಧ್ರದಲ್ಲಿ ಕಂಡುಹಿಡಿದದ್ದು. ನಮ್ಮ ದೇಹ ಇದನ್ನು ತಯಾರಿಸಲಾರದು, ಅಣಬೆಯಲ್ಲಿ ಧಾರಾಳ ಸಿಗುತ್ತದೆ. ಇದೂ ಶಾಖಕ್ಕೆ ಗಟ್ಟಿ. ಲಯನ್ಸ್ ಮೇನ್‌ನ ಹೆರಿಸಿನೋನ್ ಅನ್ನುವ ವಸ್ತುಗಳನ್ನು ಜಪಾನಿನ ವಿಜ್ಞಾನಿಗಳು 1990ರ ದಶಕದ ಆರಂಭದಲ್ಲಿ ಬೇರ್ಪಡಿಸಿದರು. ನಮ್ಮ ಪಟ್ಟಿಯಲ್ಲಿ ಅವುಗಳ ಮುಂದೆ ಮಾತ್ರ "ಜಾಗ್ರತೆ" ಅಂತ ಬರೆದುಕೊಂಡೆವು. 60ರ ಮೇಲೆ ಹೋಗದಿರಲು ಅದೊಂದು ಕಾರಣವೂ ಆಯಿತು.

ಮತ್ತೆ 40ರ ನಿಯಮ ಎಲ್ಲಿಂದ ಬಂತು? ಹಣ್ಣು, ಸೊಪ್ಪು ಹಸಿಯಾಗಿ ತಿನ್ನುವವರ ಲೆಕ್ಕ ಅದು. ವಿಟಮಿನ್ ಸಿ ಥರದ್ದಕ್ಕೆ ಅರ್ಥವಿದೆ. ಅಣಬೆಯ ಗೋಡೆಯಲ್ಲಿ ಕೈಟಿನ್ ಇದೆ, ಏಡಿಯ ಚಿಪ್ಪಿನಲ್ಲಿ ಇರುವುದೇ ಅದು. ಬೇಯಿಸದೆ ತಿಂದರೆ ಅಣಬೆ ನಮಗೆ ಸರಿಯಾಗಿ ದಕ್ಕುವುದೇ ಇಲ್ಲ. ಇವರ ಗಿರಾಕಿಗಳೂ ಚೂರನ್ನು ಕಷಾಯ ಮಾಡಿ ಕುಡಿಯುವವರು. ಮನೆಯಲ್ಲಿ ಅರ್ಧ ಗಂಟೆ ಕುದಿಸುವ ಪದಾರ್ಥಕ್ಕೆ ಡ್ರೈಯರಿನಲ್ಲಿ ಮಾತ್ರ 40ರ ಮಡಿ ಯಾಕೆ?

ಮಾಡಿ ನೋಡಿದ್ದು

ಮೊದಲ ಪ್ರಯತ್ನ ತಪ್ಪಿತು. ಶಾಖಕ್ಕೆ ಹೆದರಬೇಕಿಲ್ಲ ಅಂತ ನಾನು ಹೇಳಿದ್ದನ್ನು ಪ್ರವೀಣ ಪೂರ್ತಿಯಾಗಿ ತೆಗೆದುಕೊಂಡ. ಮರುದಿನವೇ ಸೀದಾ 70ಕ್ಕೆ ಇಟ್ಟ. ನಾಲ್ಕು ಗಂಟೆಯಲ್ಲಿ ಚೂರುಗಳು ಗರಿಗರಿ ಆದವು. ಖುಷಿಯಿಂದ ಫೋಟೊ ಕಳಿಸಿದ. ಜಾಡಿಗೆ ತುಂಬಿದ ಮೂರನೇ ದಿನಕ್ಕೆ ಎಲ್ಲ ಮೆತ್ತಗೆ. ಮೇಲ್ಪದರ ಬೇಗ ಒಣಗಿ ಗಟ್ಟಿಯಾಗಿ ಒಳಗಿನ ನೀರಿಗೆ ದಾರಿ ಮುಚ್ಚಿಬಿಟ್ಟಿತ್ತು. ಜಾಡಿಯಲ್ಲಿ ಆ ನೀರು ನಿಧಾನವಾಗಿ ಹೊರಕ್ಕೆ ಬಂತು. ಅಂಚುಗಳೂ ಸೀದು ಕೆಂಪಾಗಿದ್ದವು. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ಹೆದರಬೇಡಿ ಅಂದೆ, ಎಲ್ಲಿಯವರೆಗೆ ಅಂತ ಹೇಳಲಿಲ್ಲ.

ಆ ಬೇಸರದಲ್ಲಿ ಅವರು ಇನ್ನೊಂದು ದಾರಿ ಹಿಡಿಯುವವರಿದ್ದರು. ಫ್ರೀಜ್ ಡ್ರೈಯರ್ ಕೊಳ್ಳುವುದು. ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಮಂಜನ್ನು ನೇರವಾಗಿ ಆವಿ ಮಾಡುವ ಯಂತ್ರ. ಬಣ್ಣ, ಆಕಾರ ಹಸಿಯದರ ಹಾಗೇ ಉಳಿಯುತ್ತದೆ, ಅದು ನಿಜ. ಆದರೆ ಬೆಲೆ ಲಕ್ಷಗಳಲ್ಲಿ. ಗಿರಿಜಕ್ಕ ಬಂಗಾರ ಅಡ ಇಡುವ ಮಾತಾಡಿದರು. ನಾನು ಬೇಡ ಅಂದೆ. ಇವರು ಮಾರುವುದು ಕಷಾಯದ ಚೂರು ಮತ್ತು ಪುಡಿ. ಅದಕ್ಕೆ ಹಸಿಯ ಆಕಾರ ಬೇಕಿಲ್ಲ. ಮೇಲಾಗಿ ಫ್ರೀಜ್ ಡ್ರೈ ಮಾಡಿದ ಮಾಲು ತೂತು ತೂತಾಗಿ, ಹಗುರಾಗಿ ಇರುತ್ತದೆ. ಗಾಳಿಯ ತೇವವನ್ನು ಬಾಯಾರಿದ ಹಾಗೆ ಕುಡಿಯುತ್ತದೆ. ಪ್ಯಾಕಿಂಗ್ ಇನ್ನೂ ಬಿಗಿ ಬೇಕು. ಮೊದಲು ಇರುವ ಡ್ರೈಯರಿಗೆ ಒಂದು ತಿಂಗಳು ಕೊಡೋಣ ಅಂತ ಒಪ್ಪಿಸಿದೆ.

ಮೊದಲ ಕೆಲಸ ಗಾಳಿಗೆ ದಾರಿ ಮಾಡಿದ್ದು. ಡ್ರೈಯರ್ ಬಾಯಿಯಿಂದ ತಗಡಿನ ಕೊಳವೆ ಹಾಕಿ, ಎಕ್ಸಾಸ್ಟ್ ಫ್ಯಾನ್ ಮೂಲಕ ಒದ್ದೆ ಗಾಳಿ ಸೀದಾ ಹೊರಗೆ ಹೋಗುವಂತೆ ಮಾಡಿದೆವು. ಇನ್ನೊಂದು ಗೋಡೆಯ ಕಿಟಕಿಗೆ ಮಳೆ ಹೊಡೆಯದ ಹಾಗೆ ಒಂದು ಚಜ್ಜಾ, ಅಲ್ಲಿಂದ ಹೊಸ ಗಾಳಿ. ಹೊರಗೆ ಮಳೆ ಬರುವಾಗ ಕಿಟಕಿ ತೆರೆಯುವುದು ಗಿರಿಜಕ್ಕನಿಗೆ ಸರಿ ಅನ್ನಿಸಲಿಲ್ಲ. "ಹೊರಗ ಇಷ್ಟ್ ಥಂಡಿ ಗಾಳಿ ಅದ, ಒಳಗ ಬಿಟ್ರ ಇನ್ನೂ ಹಸಿ ಆಗಂಗಿಲ್ಲೇನು?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. 25 ಡಿಗ್ರಿಯಲ್ಲಿ ಶೇ. 88 ತೇವ ಇರುವ ಮಳೆಗಾಲದ ಗಾಳಿಯನ್ನೇ 50 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ತೇವ, ಅಂದರೆ ಗಾಳಿ ಹಿಡಿಯಬಲ್ಲ ನೀರಿನಲ್ಲಿ ಆಗಲೇ ತುಂಬಿರುವ ಪಾಲು, ಶೇ. 23ರ ಆಸುಪಾಸಿಗೆ ಇಳಿಯುತ್ತದೆ. ನೀರು ಅಷ್ಟೇ ಇದೆ, ಗಾಳಿಯ ಚೀಲ ದೊಡ್ಡದಾಗಿದೆ. 40ಕ್ಕೆ ಕಾಯಿಸಿದರೆ ಶೇ. 38. ಹತ್ತು ಡಿಗ್ರಿಗೆ ಇಷ್ಟು ವ್ಯತ್ಯಾಸ.

ಆಮೇಲೆ ಅವರ ಹೆದರಿಕೆ ಪೂರ್ತಿ ಬಿಟ್ಟದ್ದು ಒಂದು ಚಿಕ್ಕ ವಸ್ತುವಿನಿಂದ. ಅಡುಗೆ ಥರ್ಮಾಮೀಟರ್, ಸೂಜಿ ಇರುವಂಥದ್ದು. ಡ್ರೈಯರ್ 50ಕ್ಕೆ ಇಟ್ಟು, ಒಂದು ಚೂರಿನ ಹೊಟ್ಟೆಗೆ ಸೂಜಿ ಚುಚ್ಚಿ ವೈರನ್ನು ಹೊರಗೆ ತಂದೆವು. ಒಂದು ಗಂಟೆಯ ಮೇಲೆ ನೋಡಿದರೆ 31. ಗಿರಿಜಕ್ಕ ಮೀಟರ್ ಕೆಟ್ಟಿದೆ ಅಂದರು. ಕೆಟ್ಟಿರಲಿಲ್ಲ. ನೀರು ಆವಿಯಾಗುವಾಗ ಶಾಖ ಎಳೆದುಕೊಂಡು ಹೋಗುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಿರುವುದು ಇದೇ ಕಾರಣಕ್ಕೆ. ಅಣಬೆ ಒದ್ದೆ ಇರುವವರೆಗೆ ತನ್ನನ್ನು ತಾನೇ ತಂಪಾಗಿ ಇಟ್ಟುಕೊಳ್ಳುತ್ತದೆ. ಐದು ಗಂಟೆ ಕಳೆದಾಗ 41 ಬಂತು, ಕೊನೆಗೆ 48. ಅಂದರೆ ಡ್ರೈಯರಿನ ಮೇಲೆ ಕಾಣುವ ಅಂಕಿ ಗಾಳಿಯದು, ಅಣಬೆಯದಲ್ಲ. ಅಣಬೆಗೆ ಪೂರ್ತಿ ಶಾಖ ತಾಗುವುದು ಅದು ಹೆಚ್ಚುಕಮ್ಮಿ ಒಣಗಿದ ಮೇಲೆ, ಕೊನೆಯ ಒಂದೆರಡು ಗಂಟೆ ಮಾತ್ರ. ಜೋಪಾನ ಮಾಡಬೇಕಾದದ್ದು ಆಗ.

ಹೀಗೆ ಒಂದು ಕ್ರಮ ಸಿಕ್ಕಿತು. ಲಯನ್ಸ್ ಮೇನ್‌ಗೆ ಮೊದಲ ಎರಡು ಗಂಟೆ 45, ಜೋರು ಗಾಳಿ. ಆಮೇಲೆ ಆರು ಗಂಟೆ 50ರಿಂದ 55. ಕೊನೆಗೆ ಒಂದೂವರೆ ಗಂಟೆ 58. ಟ್ರೇ ಭರ್ತಿ ಮಾಡುವುದು ಬಿಟ್ಟು 10 ಕೆಜಿ ಬದಲು 6 ಕೆಜಿ ಮಾತ್ರ. ಎರಡು ಸಲ ಟ್ರೇ ಅದಲುಬದಲು. 30 ಗಂಟೆಯ ಕೆಲಸ ಒಂಬತ್ತೂವರೆ ಗಂಟೆಗೆ ಇಳಿಯಿತು.

ಕೊಯ್ಯುವುದೂ ಬದಲಾಯಿತು. ಲಯನ್ಸ್ ಮೇನ್ ಸ್ಪಂಜಿನ ಹಾಗೆ, ನೀರು ಸಿಂಪಡಿಸಿದರೆ ಅದನ್ನೂ ಹಿಡಿದುಕೊಳ್ಳುತ್ತದೆ. ಹಾಗಾಗಿ ಕೀಳುವ ಹಿಂದಿನ ದಿನದಿಂದ ಸಿಂಪಡಿಸುವುದು ಬಂದ್. ಚೂರು ಒಂದು ಸೆಂಟಿಮೀಟರ್ ದಪ್ಪ, ಎಲ್ಲ ಒಂದೇ ಸಮ. ದಪ್ಪ ಹೆಚ್ಚುಕಮ್ಮಿಯಾದರೆ ಒಂದು ಸೀಯುತ್ತದೆ, ಇನ್ನೊಂದು ಹಸಿ ಉಳಿಯುತ್ತದೆ.

ರೇಶಿಯನ್ನು ಇಡಿಯಾಗಿ ಒಣಗಿಸುವುದು ಬಿಡಲು ಪ್ರವೀಣನಿಗೆ ಮನಸ್ಸಿರಲಿಲ್ಲ. ಫೋಟೊದಲ್ಲಿ ಇಡೀ ರೇಶಿಯೇ ಚೆಂದ, ಗಿರಾಕಿ ಅದನ್ನೇ ನೋಡಿ ಬರುತ್ತಾರೆ. ಆದರೆ ಒಳಗಿನ ಹಸಿರು ಬೂಷ್ಟು ನೋಡಿದ ಮೇಲೆ ವಾದ ಮಾಡಲು ಏನೂ ಉಳಿಯಲಿಲ್ಲ. ಕಿತ್ತ ದಿನವೇ ಕೊಯ್ಯಬೇಕು. ಒಣಗಿದರೆ ಕಟ್ಟಿಗೆ, ಚಾಕು ಹತ್ತುವುದಿಲ್ಲ. ಹಸಿಯಿದ್ದಾಗಲೂ ಅದು ಬಿರುಸು. ಚಾಕು ಎರಡು ಸಲ ಜಾರಿತು. ಗಿರಿಜಕ್ಕ ಒಳಗೆ ಹೋಗಿ ಊರಿಂದ ತಂದ ಈಳಿಗೆ ತಂದರು. ಮಣೆಯ ಮೇಲೆ ಕಾಲೊತ್ತಿ ಕೂತು, ಎರಡೂ ಕೈಯಲ್ಲಿ ರೇಶಿ ಹಿಡಿದು ಅಲಗಿಗೆ ಒತ್ತಿದರು. ಐದು ಮಿಲಿಮೀಟರಿನ ಹೋಳು ಕರಕರ ಅಂತ ಬಿದ್ದವು. ಸಮ ಅಂದರೆ ಸಮ. ಆ ಹೊತ್ತಿನಿಂದ ರೇಶಿ ಕೊಯ್ಯುವುದು ಅವರ ಕೆಲಸ.

ಚಿಪ್ಪು ಅಣಬೆಯನ್ನು ಅವರು ಇನ್ನೂ ಸ್ವಲ್ಪ ಬೆಳೆಯುತ್ತಾರೆ. ಅದರಲ್ಲಿ ವಿಟಮಿನ್ ಡಿ ಬರಲಿ ಅಂತ ಬಾಲ್ಕನಿಯಲ್ಲಿ ಬಿಸಿಲಿಗೆ ಇಡುತ್ತಿದ್ದರು. ಅಣಬೆಯಲ್ಲಿರುವ ಎರ್ಗೊಸ್ಟೆರಾಲ್ ಅನ್ನುವ ವಸ್ತು ಬಿಸಿಲಿನ ಅಲ್ಟ್ರಾವೈಲೆಟ್ ಬಿ ಕಿರಣಕ್ಕೆ ವಿಟಮಿನ್ ಡಿ 2 ಆಗುತ್ತದೆ, ವಿಚಾರ ಸರಿಯೇ. ಆದರೆ ಬಾಲ್ಕನಿಗೆ ಗಾಜು ಹಾಕಿಸಿದ್ದರು. ಸಾಮಾನ್ಯ ಗಾಜು ಆ ಕಿರಣವನ್ನು ತಡೆದುಬಿಡುತ್ತದೆ. ಈಗ ಬೇಸಿಗೆಯಲ್ಲಿ ಹಸಿ ಚೂರನ್ನು, ಪದರ ಇರುವ ಮೈ ಮೇಲಾಗಿ, ಟೆರೇಸಿನ ಬಯಲು ಬಿಸಿಲಿಗೆ ಮಧ್ಯಾಹ್ನ ಎರಡು ಗಂಟೆ ಹೊತ್ತು ಇಟ್ಟು ಆಮೇಲೆ ಡ್ರೈಯರಿಗೆ ಹಾಕುತ್ತಾರೆ. ಕಾರ್ಡಿಸೆಪ್ಸ್ ಮಾತ್ರ ಬಿಸಿಲಿಗೆ ಹೋಗುವುದೇ ಇಲ್ಲ. ಅದಕ್ಕೆ 45ರಿಂದ 50, ಕತ್ತಲ ಕೋಣೆ, ಆಮೇಲೆ ಬೆಳಕು ಹೋಗದ ಫಾಯಿಲ್ ಚೀಲ.

ಎಲ್ಲಿ ನಿಲ್ಲಿಸಬೇಕು

ಒಣಗಿತೋ ಇಲ್ಲವೋ ಅಂತ ಇಷ್ಟು ದಿನ ಕೈಯಲ್ಲಿ ಮುಟ್ಟಿ ನೋಡುತ್ತಿದ್ದರು. ಬಿಸಿ ಇದ್ದಾಗ ಚೂರು ಮೆತ್ತಗಿರುತ್ತದೆ, ಆರಿದ ಮೇಲೆ ಗರಿಗರಿ. ಕೈ ಮೋಸ ಹೋಗುತ್ತದೆ. ತಕ್ಕಡಿ ಮೋಸ ಹೋಗುವುದಿಲ್ಲ.

100 ಗ್ರಾಂ ಹಸಿ ಲಯನ್ಸ್ ಮೇನ್ ತೆಗೆದು, ಅವರ ಮನೆಯ ಓವನ್‌ನಲ್ಲಿ 105 ಡಿಗ್ರಿಗೆ ಇಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿದೆವು. ಇದು ಮಾರಲು ಅಲ್ಲ, ಅಳೆಯಲು. 10 ಗ್ರಾಂ ಉಳಿಯಿತು. ಅಂದರೆ 1 ಕೆಜಿಯಲ್ಲಿ ಗಟ್ಟಿ ಪದಾರ್ಥ 100 ಗ್ರಾಂ. ಒಣಗಿದ ಮಾಲು 110 ಗ್ರಾಂ ಬಂದರೆ ಅದರಲ್ಲಿ ನೀರು ಶೇ. 9. ಹಳೆಯ ನೋಟ್‌ಬುಕ್ಕಿನಲ್ಲಿ ಜುಲೈ ಪುಟಗಳನ್ನು ತೆಗೆದರೆ, ಅವರು 125 ಗ್ರಾಮಿಗೆ ನಿಲ್ಲಿಸಿದ್ದರು. ನೀರು ಶೇ. 20. ವಾಪಸ್ ಬಂದ ಜಾಡಿಯ ಮಾಲನ್ನು ಲ್ಯಾಬಿಗೆ ಕಳಿಸಿದಾಗ ಬಂದ ಉತ್ತರ ಶೇ. 19. ಕೋಡೆಕ್ಸ್ ಅನ್ನುವ ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲಿ ಒಣ ಅಣಬೆಗೆ ಮಿತಿ ಶೇ. 12. ಶಿಟಾಕೆ ಅನ್ನುವ ಅಣಬೆಗೆ 13, ಫ್ರೀಜ್ ಡ್ರೈ ಮಾಡಿದ್ದಕ್ಕೆ 6.

15 ಗ್ರಾಂ. ಇಡೀ ಮಳೆಗಾಲದ ನಷ್ಟ ಕಿಲೋಗೆ ಆ 15 ಗ್ರಾಂ ನೀರಿನದು. ಈಗ ಒಂದು ಟ್ರೇಗೆ ಕೆಂಪು ದಾರ ಕಟ್ಟಿದ್ದಾರೆ. ಅದರ ತೂಕ ಗುರಿ ಮುಟ್ಟುವವರೆಗೆ ಡ್ರೈಯರ್ ನಿಲ್ಲುವುದಿಲ್ಲ. ಆರಿದ ಮೇಲೆ ಹಪ್ಪಳದ ಹಾಗೆ ಟಪ್ ಅಂತ ಮುರಿಯಬೇಕು, ಅದು ಎರಡನೇ ಪರೀಕ್ಷೆ. ಆಮೇಲೆ ಒಂದು ದಿನ ಮುಚ್ಚಿದ ಜಾಡಿಯಲ್ಲಿ ಇಟ್ಟು, ಗಾಜಿಗೆ ಮಂಜು ಕಟ್ಟಿದರೆ ಮತ್ತೆ ಡ್ರೈಯರಿಗೆ. ಪುಡಿಯನ್ನು ಮಳೆಗಾಲದಲ್ಲಿ ಮೊದಲೇ ಮಾಡಿ ಇಡುವುದಿಲ್ಲ. ಮಿಕ್ಸಿಯಿಂದ ತೆಗೆದ ಕೆಲವೇ ನಿಮಿಷದಲ್ಲಿ ಅದು ತೇವ ಎಳೆಯಲು ಶುರು ಮಾಡುತ್ತದೆ. ಆರ್ಡರ್ ಬಂದಾಗ ಪುಡಿ ಮಾಡಿ, ಅಲ್ಲೇ ಸೀಲ್.

ಏನಾಯಿತು

ಆಗಸ್ಟ್ ಎರಡನೇ ವಾರದಿಂದ ಮಾಲು ಕೆಡದೆ ನಿಂತಿತು. ಬಣ್ಣ ಕೆನೆಯ ಹಾಗೆ, ವಾಸನೆ ಹಿತ. ಲಯನ್ಸ್ ಮೇನ್‌ನಲ್ಲಿ ತೇವ ಶೇ. 8ರಿಂದ 10ರ ಒಳಗೆ.

ಪ್ರವೀಣನಿಗೆ ಇನ್ನೂ ಒಂದು ಅನುಮಾನ ಉಳಿದಿತ್ತು. ಮಾತು ಸರಿ, ಆದರೆ ನಿಜವಾಗಿ ಉಳಿದಿದೆಯಾ? ಒಂದೇ ಕೊಯ್ಲಿನ ಅಣಬೆಯನ್ನು ಎರಡು ಪಾಲು ಮಾಡಿದ. ಒಂದನ್ನು ಸ್ವಲ್ಪವೇ ಹರಡಿ 40ರಲ್ಲಿ, ಇನ್ನೊಂದನ್ನು ಹೊಸ ಕ್ರಮದಲ್ಲಿ ಒಣಗಿಸಿ ಲ್ಯಾಬಿಗೆ ಕೊಟ್ಟ. ಬೀಟಾ ಗ್ಲೂಕನ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಒಂದೇ ಸಲದ ಪರೀಕ್ಷೆ ಇದು, ಅದರ ತೂಕ ಅಷ್ಟೇ. ಆದರೆ ಅವನು ಒಂದು ಜಾಣತನ ಮಾಡಿದ್ದ. ಎಲ್ಲ ಥರದ ಸಕ್ಕರೆ ಸರಪಳಿಯನ್ನೂ ಒಟ್ಟಿಗೆ ಅಳೆಯುವ "ಒಟ್ಟು ಪಾಲಿಸ್ಯಾಕರೈಡ್" ಪರೀಕ್ಷೆ ಅಗ್ಗವಾಗಿ ಸಿಗುತ್ತಿದ್ದರೂ ಬೇಡ ಅಂದ. ಅದರಲ್ಲಿ ಪಿಷ್ಟವೂ ಲೆಕ್ಕಕ್ಕೆ ಬರುತ್ತದೆ. ಜೋಳ, ಗೋಧಿಯ ಮೇಲೆ ಬೆಳೆದ ಬಿಳಿ ಬೇರಿನಂಥ ಭಾಗವನ್ನು ಕಾಳಿನ ಸಮೇತ ಪುಡಿ ಮಾಡಿದರೆ ಆ ಅಂಕಿ ದೊಡ್ಡದೇ ಬರುತ್ತದೆ, ಅದರಲ್ಲಿ ಅಣಬೆಗಿಂತ ಹಿಟ್ಟೇ ಜಾಸ್ತಿ. ಕೊಳ್ಳುವವರೂ ಇದನ್ನು ಕೇಳಬೇಕು ಅಂತ ನನ್ನ ಆಸೆ. ಬೀಟಾ ಗ್ಲೂಕನ್ ಎಷ್ಟು ಅಂತ ಕೇಳಿ, ಒಟ್ಟು ಎಷ್ಟು ಅಂತಲ್ಲ.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಸೆಪ್ಟೆಂಬರಿನಲ್ಲಿ ಒಂದು ಗುರುವಾರ ಆರು ಗಂಟೆ ಕರೆಂಟ್ ಹೋಯಿತು. ಗುರುವಾರ ದುರಸ್ತಿಗೆ ಕರೆಂಟ್ ತೆಗೆಯುವುದು ಪುಣೆಯವರಿಗೆಲ್ಲ ಗೊತ್ತು. ಅರ್ಧ ಒಣಗಿದ ಮಾಲು ಮುಚ್ಚಿದ ಡ್ರೈಯರಿನಲ್ಲೇ ಬೆಚ್ಚಗೆ ಕೂತು ಹುಳಿಯಾಯಿತು. 6 ಕೆಜಿ ಹೋಯಿತು. ಈಗ ಬುಧವಾರ ರಾತ್ರಿ ಡ್ರೈಯರ್ ತುಂಬುವುದಿಲ್ಲ. ಬೇರೆ ದಿನ ಕರೆಂಟ್ ಹೋದರೆ ಬಾಗಿಲು ತೆರೆದು, ಟ್ರೇಗಳನ್ನು ಫ್ರಿಜ್‌ಗೆ ಸಾಗಿಸುತ್ತಾರೆ. ಫ್ರಿಜ್‌ನಲ್ಲಿ ಒಂದು ಅಂಕಣ ಸದಾ ಖಾಲಿ ಇಟ್ಟಿರುತ್ತಾರೆ.

ಲೇಬಲ್ಲಿನ ವಿಷಯವೂ ಬಂತು. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಮರೆವು ವಾಸಿಯಾಗುತ್ತದೆ ಅಂತ ಬರೆದರೆ ಬೇಗ ಮಾರಾಟವಾಗುತ್ತದೆ ಅಂತ ಒಬ್ಬ ವ್ಯಾಪಾರಿ ಹೇಳಿದ್ದರು. ಗಿರಿಜಕ್ಕ ಒಪ್ಪಲಿಲ್ಲ. ಇಂಥ ಜಾಹೀರಾತನ್ನು ತಡೆಯುವ ಕಾನೂನು 1954ರಿಂದಲೇ ಇದೆ. ಅದಕ್ಕಿಂತ ಹೆಚ್ಚಾಗಿ, ನಂಬಿ ಮಾತ್ರೆ ಬಿಡುವವರು ಇದ್ದಾರೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ರೇಶಿಗೆ ಮೊದಲು ಡಾಕ್ಟರನ್ನು ಕೇಳಬೇಕು ಅಂತ ಅವರೇ ಪ್ರತಿ ಗಿರಾಕಿಗೆ ಫೋನಿನಲ್ಲಿ ಹೇಳುತ್ತಾರೆ.

ಇನ್ನೂ ತೀರ್ಮಾನ ಆಗದ್ದು ರೇಶಿಯ ಸಾರ. ನೀರಿನಲ್ಲಿ ಕುದಿಸಿದರೆ ಬೀಟಾ ಗ್ಲೂಕನ್ ಬರುತ್ತದೆ, ಕಹಿಯ ಟ್ರೈಟರ್ಪೀನ್ ಬಹುಪಾಲು ಚೂರಿನಲ್ಲೇ ಉಳಿಯುತ್ತದೆ. ಎರಡೂ ಬೇಕೆಂದರೆ ಆಲ್ಕೋಹಾಲ್ ಬಳಸಬೇಕು. ಅದಕ್ಕೆ ಬೇರೆ ಪರವಾನಗಿ, ಬೇರೆ ಜಾಗ, ಬೇರೆ ಜವಾಬ್ದಾರಿ. ಪ್ರವೀಣನಿಗೆ ಮಾಡುವ ಹಂಬಲ. ಗಿರಿಜಕ್ಕ ಇನ್ನೊಂದು ಮಳೆಗಾಲ ನೋಡೋಣ ಅನ್ನುತ್ತಾರೆ. ನಾನು ಗಿರಿಜಕ್ಕನ ಕಡೆ.

ಈಗ ಪ್ರತಿ ಸಲದ ಮಾಲಿನಲ್ಲಿ ಒಂದು ಹಿಡಿ ಮಾರದೆ, ಚಿಕ್ಕ ಬಾಟಲಿಗೆ ಹಾಕಿ ತಾರೀಕು ಬರೆದು ಅಡುಗೆಮನೆಯ ಕಟ್ಟೆಯ ಮೇಲೆ ಮೂರು ತಿಂಗಳು ಇಡುತ್ತಾರೆ. ಒಲೆಯ ಹಬೆ ತಾಗುವ ಜಾಗದಲ್ಲಿ, ಬೇಕಂತಲೇ. ಗಿರಾಕಿಯ ಮನೆಯಲ್ಲಿ ಆಗುವುದು ಮೊದಲು ತಮ್ಮ ಮನೆಯಲ್ಲೇ ಕಾಣಲಿ ಅಂತ. ಕಳೆದ ವಾರ ಹೋದಾಗ ಗಿರಿಜಕ್ಕ ಅಲ್ಲಿಂದ ಮೂರು ತಿಂಗಳ ಹಿಂದಿನ ಬಾಟಲಿಯೊಂದನ್ನು ಎತ್ತಿ, ಮುಚ್ಚಳ ತೆಗೆದು, ಏನೂ ಹೇಳದೆ ನನ್ನ ಮೂಗಿನ ಹತ್ತಿರ ಹಿಡಿದರು. ಒಂದು ಚೂರು ತೆಗೆದು ಮುರಿದೆ. ಟಪ್ ಅಂತು.